ಸ್ಕೋರ್ ಶೀಟಿಗೆ ಸಿಗದ ಆಟಗಾರ: ಕೆ.ಸಿ. ಜೋನ್ಸ್

ಕಬಡ್ಡಿಯಾಗ ರೈಡರನ ಕಾಲು ಹಿಡಿದು ಕೆಡವಿದರ ಹಿಡಿದ ತಂಡಕ್ಕ ಒಂದು ಪಾಯಿಂಟ್ ಅದ. ಕ್ರಿಕೆಟ್‌ನಾಗ ಕ್ಯಾಚ್ ಹಿಡಿದವನ ಹೆಸರು ಸ್ಕೋರ್ ಪುಸ್ತಕದಾಗ ಬರೀತಾರ. ಬಾಸ್ಕೆಟ್‌ಬಾಲ್ ಹಂಗಲ್ಲ. ಎದುರಾಳಿಯ ಮುಂದೆ ಆಟದುದ್ದಕ್ಕೂ ಗ್ವಾಡಿ ಹಂಗ ನಿಂತು, ಅವನು ಬಯಸಿದ ಕಡೆ ತಿರುಗದ ಹಾಗೆ, ಬಯಸಿದ ಜಾಗದಿಂದ ಚೆಂಡು ಎಸೆಯದ ಹಾಗೆ ಮಾಡಿದವನ ಕೆಲಸಕ್ಕೆ ಬಹುಕಾಲ ಯಾವ ಲೆಕ್ಕವೂ ಇರಲಿಲ್ಲ. ಚೆಂಡನ್ನು ಬುಟ್ಟಿಗೆ ಹಾಕಿದವನ ಹೆಸರಿನ ಮುಂದೆ ಅಂಕ ಬೀಳುತ್ತಿತ್ತು. ಹಾಕಗೊಡದವನ ಹೆಸರಿನ ಮುಂದೆ ಖಾಲಿ ಜಾಗ.

ಆ ಖಾಲಿ ಜಾಗದಲ್ಲೇ ಒಂಬತ್ತು ವರ್ಷ ದುಡಿದು, ಅದರಲ್ಲಿ ಎಂಟು ವರ್ಷ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಚಾಂಪಿಯನ್ ತಂಡದಲ್ಲಿದ್ದ ಒಬ್ಬ ಆಟಗಾರ ಕೆ.ಸಿ. ಜೋನ್ಸ್. ಕಪ್ಪು ಜನಾಂಗದ ಹುಡುಗ. ಅವನ ವೃತ್ತಿ ಜೀವನದ ಸರಾಸರಿ ನೋಡಿದರೆ ಆಟಕ್ಕೆ ಬರೀ 7.4 ಅಂಕ. ಇಷ್ಟು ಕಡಿಮಿ ಅಂಕದವ ದೊಡ್ಡ ಆಟಗಾರ ಹ್ಯಾಂಗಾದ ಅಂತ ಈಗಿನ ಹುಡುಗರು ಕೇಳಬಹುದು. ಕೇಳಲಿ. ಆ ಪ್ರಶ್ನೆಗೆ ಉತ್ತರ ಸ್ಕೋರ್ ಶೀಟಿನಲ್ಲಿ ಸಿಗುವುದಿಲ್ಲ, ಅದಕ್ಕೇ ಈ ಲೇಖನ.

ಮೊದಲು ಹೆಸರಿನ ಮಾತು. ನಮ್ಮ ಕಡೆ ಶಾಲಿ ದಾಖಲೆಯಾಗ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬಿಡಿಸಿ ಬರೀಬೇಕು. ಹಂಗಾಗಿ ಕೆ.ಸಿ. ಅಂದ್ರ ಏನು ಅಂತ ಕೇಳೋದು ಸಹಜ. ಏನೂ ಅಲ್ಲ. ಆ ಎರಡು ಅಕ್ಷರವೇ ಅವನ ಪೂರ್ತಿ ಹೆಸರು, ಅವನ ಅಪ್ಪನ ಹೆಸರೂ ಅದೇ. 1932ರ ಮೇ 25ರಂದು ಟೆಕ್ಸಾಸ್ ರಾಜ್ಯದ ಟೇಲರ್ ಎಂಬ ಊರಲ್ಲಿ ಹುಟ್ಟಿದ. ಹತ್ತಿ ಬೆಳೆಯುವ ಸೀಮೆ. ಆಗ ಟೆಕ್ಸಾಸಿನಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ, ಅದೂ ಕಾನೂನಿನ ಪ್ರಕಾರವೇ. ಅಪ್ಪ ಅವ್ವ ಬೇರೆಯಾದಾಗ ಹುಡುಗನಿಗೆ ಸುಮಾರು ಒಂಬತ್ತು ವರ್ಷ. ತಾಯಿ ಮಕ್ಕಳನ್ನು ಕಟ್ಟಿಕೊಂಡು ದೂರದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋದಳು. ಅಲ್ಲಿ ಕಾಮರ್ಸ್ ಹೈಸ್ಕೂಲಿನಲ್ಲಿ ಓದುತ್ತ ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಎರಡರಲ್ಲೂ ಹೆಸರು ಮಾಡಿದ.

ಸ್ಕಾಲರ್‌ಶಿಪ್ ಸಿಕ್ಕಿದ್ದು ಅದೇ ಊರಿನ ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಲ್ಲಿ. ದೊಡ್ಡ ಹೆಸರಿನ ಸಂಸ್ಥೆ ಏನಲ್ಲ. ಬಾಸ್ಕೆಟ್‌ಬಾಲ್ ತಂಡ ಇತ್ತು, ಆದರೆ ಆಡೋಕೆ ಸ್ವಂತ ಒಳಾಂಗಣ ಇರಲಿಲ್ಲ. ಪಕ್ಕದ ಹೈಸ್ಕೂಲಿನ ಅಂಗಳದಲ್ಲಿ ಅಭ್ಯಾಸ, ಪಂದ್ಯಕ್ಕೆ ಊರಿನ ಬೇರೆ ಬೇರೆ ಸಭಾಂಗಣ. ಹಾಸ್ಟೆಲಿನಲ್ಲಿ ಕೆ.ಸಿ.ಯ ಕೋಣೆಗೆ ಬಂದ ಜೊತೆಗಾರ ಬಿಲ್ ರಸೆಲ್. ಮುಂದೆ ಜಗತ್ತಿನ ಬಹು ದೊಡ್ಡ ಆಟಗಾರರಲ್ಲಿ ಒಬ್ಬನಾದ ಅದೇ ರಸೆಲ್. ಕೆ.ಸಿ. ಎಂಥಾ ಮೌನಿ ಎಂದರೆ ಮೊದಲ ಒಂದು ತಿಂಗಳು ತನ್ನ ಜೊತೆ ಮಾತೇ ಆಡಲಿಲ್ಲ ಎಂದು ರಸೆಲ್ ಬರೆದುಕೊಂಡಿದ್ದಾನೆ. ಮಾತು ಶುರುವಾದ ಮೇಲೆ ಮಾತ್ರ ಇಬ್ಬರೂ ನಿಲ್ಲಿಸಲಿಲ್ಲ. ಎದುರಾಳಿ ಈ ಮೂಲೆಯಿಂದ ಬಂದರೆ ಯಾವ ಕೋನದಲ್ಲಿ ಅಡ್ಡ ನಿಲ್ಲಬೇಕು, ಚೆಂಡು ಹಲಗೆಗೆ ಬಡಿದರೆ ಎತ್ತ ಹಾರುತ್ತದೆ, ಯಾರನ್ನು ಯಾವ ಕಡೆ ದಬ್ಬಿದರೆ ಅವನ ದಾರಿ ಮುಚ್ಚುತ್ತದೆ. ರಾತ್ರಿಯೆಲ್ಲ ಇದೇ ಜ್ಯಾಮಿತಿ. ಆ ಕಾಲದಲ್ಲಿ ಕೋಚುಗಳೆಲ್ಲ ಅಂಕ ಹೊಡೆಯುವುದನ್ನೇ ಕಲಿಸುತ್ತಿದ್ದಾಗ ಈ ಇಬ್ಬರು ತಡೆಯುವುದನ್ನು ಒಂದು ವಿದ್ಯೆ ಎಂದು ಓದಿದರು. ಅವರ ಕೋಚ್ ಫಿಲ್ ವುಲ್ಪರ್ಟ್ ಕೂಡ ರಕ್ಷಣೆಯನ್ನೇ ನಂಬಿದವನು, ಅದು ಅವರ ಅದೃಷ್ಟ.

1953–54ರಲ್ಲಿ ಮೊದಲ ಪಂದ್ಯ ಆಡಿದ ಕೂಡಲೇ ಕೆ.ಸಿ.ಯ ಅಪೆಂಡಿಕ್ಸ್ ಒಡೆಯಿತು. ಆ ವರ್ಷವೆಲ್ಲ ಹಾಸಿಗೆ, ಚೇತರಿಕೆ. ಮರುವರ್ಷ ಮರಳಿದಾಗ ವುಲ್ಪರ್ಟ್ ಮೊದಲ ಐವರಲ್ಲಿ ಮೂವರು ಕಪ್ಪು ಆಟಗಾರರನ್ನು ಇಳಿಸಿದ: ರಸೆಲ್, ಕೆ.ಸಿ., ಹ್ಯಾಲ್ ಪೆರಿ. ದೊಡ್ಡ ಮಟ್ಟದ ಕಾಲೇಜು ಆಟದಲ್ಲಿ ಅದು ಆಗ ಕೇಳರಿಯದ ಮಾತು. 1954ರ ಡಿಸೆಂಬರಿನಲ್ಲಿ ಓಕ್ಲಹೋಮ ಸಿಟಿಯ ಟೂರ್ನಿಗೆ ಹೋದಾಗ ಹೋಟೆಲಿನವರು ಕಪ್ಪು ಹುಡುಗರಿಗೆ ಕೋಣೆ ಇಲ್ಲ ಅಂದರು. ಹೋಟೆಲಿನ ಬಾಗಿಲು ಮುಚ್ಚೋದು ಅಂದ್ರ ಏನು ಅಂತ ಈ ಸಂಚಿಕೆ ಓದುವವರಿಗೆ ಬಿಡಿಸಿ ಹೇಳೋದು ಬ್ಯಾಡ. ಆದರೆ ಮುಂದೆ ನಡೆದದ್ದನ್ನು ಹೇಳಬೇಕು. ಬಿಳಿಯ ಹುಡುಗರು ತಾವೂ ಹೋಟೆಲಿಗೆ ಹೋಗಲಿಲ್ಲ. ರಜೆಗೆ ಖಾಲಿಯಾಗಿದ್ದ ಒಂದು ಕಾಲೇಜು ಹಾಸ್ಟೆಲಿನಲ್ಲಿ ಇಡೀ ತಂಡ ಒಟ್ಟಿಗೆ ಉಳಿಯಿತು. ಅಭ್ಯಾಸ ಮಾಡುವಾಗ ನೋಡಲು ಬಂದ ಜನ ಸರ್ಕಸ್ಸಿನವರಿಗೆ ಎಸೆದ ಹಾಗೆ ಅಂಗಳಕ್ಕೆ ಚಿಲ್ಲರೆ ಕಾಸು ಎಸೆದರು. ತಂಡ ಆ ಟೂರ್ನಿ ಗೆದ್ದು ಬಂತು.

ಆ ವರ್ಷದ ಕಾಲೇಜು ಫೈನಲ್ 1955ರ ಮಾರ್ಚಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನಡೆಯಿತು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಲಾಸಾಲ್ ಕಾಲೇಜು. ಅವರಲ್ಲಿ ಟಾಮ್ ಗೋಲಾ ಎಂಬ ಆರೂವರೆ ಅಡಿಯ ಆಟಗಾರನಿದ್ದ, ಅವನನ್ನು ಹಿಡಿದವರೇ ಇರಲಿಲ್ಲ. ಅವನಿಗೆ ರಸೆಲ್ ಅಡ್ಡ ನಿಲ್ಲುತ್ತಾನೆ ಎಂದು ಎಲ್ಲರ ಲೆಕ್ಕ. ಯಾಕಂದ್ರ ಎತ್ತರಕ್ಕೆ ಎತ್ತರ ಬೇಕಲ್ಲ! ವುಲ್ಪರ್ಟ್ ಆ ಕೆಲಸವನ್ನು 6 ಅಡಿ 1 ಇಂಚಿನ ಕೆ.ಸಿ.ಗೆ ಕೊಟ್ಟ. ಗೋಲಾನ ಹಿಂದೆ ರಸೆಲ್ ಹೋದರೆ ಬುಟ್ಟಿಯ ಕೆಳಗೆ ಕಾವಲು ಯಾರು ಎಂಬುದು ಅವನ ಯೋಚನೆ. ಐದು ಇಂಚು ಕುಳ್ಳನಾದ ಕೆ.ಸಿ. ಗೋಲಾನ ಎದೆಗೆ ಅಂಟಿಕೊಂಡು ನಿಂತ. ಚೆಂಡು ಕೈಗೆ ಬರುವ ಮೊದಲೇ ದಾರಿ ತಪ್ಪಿಸಿದ, ಬಂದ ಮೇಲೆ ತಿರುಗಗೊಡಲಿಲ್ಲ. ಗೋಲಾ 16 ಅಂಕಕ್ಕೆ ನಿಂತ. ಎಂದೂ ಹೆಚ್ಚು ಹೊಡೆಯದ ಕೆ.ಸಿ. ಅಂದು 24 ಹೊಡೆದ, ರಸೆಲ್‌ಗಿಂತ ಒಂದು ಹೆಚ್ಚು. 77–63. ಸ್ವಂತ ಅಂಗಳವಿಲ್ಲದ ತಂಡ ದೇಶದ ಚಾಂಪಿಯನ್.

ಮುಂದಿನ ವರ್ಷ ಆ ತಂಡ 29 ಆಡಿ 29ನ್ನೂ ಗೆದ್ದಿತು. ಕೊನೆಯ ರಾಷ್ಟ್ರೀಯ ಟೂರ್ನಿಯಲ್ಲಿ ಕೆ.ಸಿ. ಇರಲಿಲ್ಲ. ಅಪೆಂಡಿಕ್ಸ್ ವರ್ಷದಲ್ಲಿ ಆಡಿದ ಆ ಒಂದೇ ಪಂದ್ಯದ ಕಾರಣಕ್ಕೆ ಅವನಿಗೆ ಟೂರ್ನಿ ಆಡುವ ಅರ್ಹತೆ ಇಲ್ಲವೆಂದರು. ಅವನಿಲ್ಲದೆಯೂ ತಂಡ ಗೆದ್ದಿತು ಎಂಬುದನ್ನೂ ಹೇಳಿಬಿಡೋಣ, ಮುಚ್ಚಿಡುವುದೇನಿದೆ. ಅದೇ 1956ರ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್. ಕೆ.ಸಿ., ರಸೆಲ್ ಇಬ್ಬರೂ ಅಮೆರಿಕ ತಂಡದಲ್ಲಿದ್ದರು. ಫೈನಲ್‌ನಲ್ಲಿ ಸೋವಿಯತ್ ತಂಡವನ್ನು 89–55ರಿಂದ ಸೋಲಿಸಿ ಚಿನ್ನ ತಂದರು.

ಬಾಸ್ಟನ್ ಸೆಲ್ಟಿಕ್ಸ್ ತಂಡ ಅವನನ್ನು 1956ರಲ್ಲೇ ಆರಿಸಿಕೊಂಡಿತ್ತು. ಆದರೆ ಎರಡು ವರ್ಷ ಸೈನ್ಯದ ಸೇವೆ ಮುಗಿಸಬೇಕಾಯಿತು. ಹೊರಬಂದ ಮೇಲೆ ಲಾಸ್ ಏಂಜಲೀಸ್ ರ‍್ಯಾಮ್ಸ್ ಎಂಬ ಫುಟ್‌ಬಾಲ್ ತಂಡದಲ್ಲಿ ಕೈ ನೋಡಿದ. ಕಾಲೇಜಿನಲ್ಲಿ ಫುಟ್‌ಬಾಲ್ ಆಡದವನನ್ನು ಆ ತಂಡ ಕರೆದದ್ದೂ ಹಿಂದೆ ನಿಂತು ತಡೆಯುವ ಜಾಗಕ್ಕೇ! ಅಲ್ಲಿ ನಿಲ್ಲಲಿಲ್ಲ, 1958ರಲ್ಲಿ ಬಾಸ್ಟನ್‌ಗೆ ಬಂದ. ರಸೆಲ್ ಆಗಲೇ ಅಲ್ಲಿದ್ದ. ಎನ್‌ಬಿಎಯಲ್ಲಿ ಕಪ್ಪು ಆಟಗಾರರು ಕಾಲಿಟ್ಟು ಎಂಟು ವರ್ಷ ಆಗಿತ್ತು ಅಷ್ಟೆ.

ಪಾಯಿಂಟ್ ಗಾರ್ಡ್ ಅಂದರೆ ಚೆಂಡನ್ನು ಹಿಂದಿನಿಂದ ತಂದು, ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಿ ತಂಡವನ್ನು ನಡೆಸುವವನು. ಸೆಲ್ಟಿಕ್ಸ್‌ನಲ್ಲಿ ಆ ಜಾಗ ಬಾಬ್ ಕೂಸಿಯದು. ಹಿಂದೆ ನೋಡದೆ ಪಾಸ್ ಕೊಡುವ, ಬೆನ್ನ ಹಿಂದಿನಿಂದ ಚೆಂಡು ತಿರುಗಿಸುವ ಜಾದೂಗಾರ. ಜನ ಅವನನ್ನು ನೋಡೋಕಂತನೇ ಟಿಕೆಟ್ ತೆಗೀತಿದ್ದರು. ಕೆ.ಸಿ. ಐದು ವರ್ಷ ಬೆಂಚಿನಿಂದ ಎದ್ದು ಬಂದು ಆಡಿದ. ಕೋಚ್ ರೆಡ್ ಔರ್‌ಬ್ಯಾಕ್ ಇವನನ್ನು ಯಾವಾಗ ಇಳಿಸುತ್ತಿದ್ದ ಎಂಬುದರಲ್ಲೇ ಇವನ ಕಿಮ್ಮತ್ತು ಗೊತ್ತಾಗುತ್ತದೆ. ಎದುರಾಳಿ ತಂಡದ ಗಾರ್ಡ್ ಮೈಚಳಿ ಬಿಟ್ಟು ಹೊಡೆಯಲು ಶುರು ಮಾಡಿದಾಗ.

ಅವನ ಆಟ ಹೇಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಾಸ್ಕೆಟ್‌ಬಾಲ್ ಅಂಗಳ 94 ಅಡಿ ಉದ್ದ. ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಈ ನಿಯಮ ಎನ್‌ಬಿಎಗೆ ಬಂದದ್ದು 1954ರಲ್ಲಿ. ಸಾಮಾನ್ಯ ರಕ್ಷಕರು ತಮ್ಮ ಅರ್ಧಕ್ಕೆ ಓಡಿ ಹೋಗಿ, ಎದುರಾಳಿ ಬರಲಿ ಅಂತ ಕಾಯುತ್ತಾರೆ. ಕೆ.ಸಿ. ಕಾಯುತ್ತಿರಲಿಲ್ಲ. ಎದುರಾಳಿಯ ತುದಿಯಲ್ಲೇ ಅವನಿಗೆ ಅಡ್ಡ ಬರುತ್ತಿದ್ದ. ಮೊಣಕಾಲು ಬಾಗಿಸಿ, ಸೊಂಟ ಇಳಿಸಿ, ಕಾಲು ಕತ್ತರಿಯಾಗದ ಹಾಗೆ ಏಡಿಯಂತೆ ಅಡ್ಡಡ್ಡ ಸರಿಯುತ್ತ 94 ಅಡಿಯೂ ಜೊತೆಗಿರುತ್ತಿದ್ದ. ಬಲಗೈ ಆಟಗಾರನನ್ನು ಎಡಗೈಗೆ ತಿರುಗಿಸುತ್ತಿದ್ದ, ಎಡಕ್ಕೆ ಬಂದವನನ್ನು ಗೆರೆಯ ಪಕ್ಕಕ್ಕೆ ಒತ್ತುತ್ತಿದ್ದ. ಹಾಗೆ ಸುತ್ತಿ ಬಳಸಿ ಬರುವಷ್ಟರಲ್ಲಿ ಎಂಟೋ ಹತ್ತೋ ಸೆಕೆಂಡು ಹೋಗಿರುತ್ತಿತ್ತು. ಉಳಿದ ಹೊತ್ತಿನಲ್ಲಿ ಆ ತಂಡ ಅಂದುಕೊಂಡ ಆಟ ಕಟ್ಟಲು ಆಗದೆ ಸಿಕ್ಕಲ್ಲಿಂದ ಎಸೆಯುತ್ತಿತ್ತು. ಎಲ್ಲಾದರೂ ತಪ್ಪಿಸಿಕೊಂಡು ಒಳಗೆ ನುಗ್ಗಿದನೋ, ಅಲ್ಲಿ ರಸೆಲ್ ಕೈ ಎತ್ತಿ ನಿಂತಿರುತ್ತಿದ್ದ. ಹಾಸ್ಟೆಲಿನ ಕೋಣೆಯಲ್ಲಿ ಇಬ್ಬರೂ ಹಾಕಿದ ಲೆಕ್ಕ ಇದೇ.

ಈಗ ಹೇಳಿ, ಕಳೆದ ಆ ಎಂಟು ಸೆಕೆಂಡನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಎದುರಾಳಿ ತಪ್ಪಿ ಎಸೆದ ಚೆಂಡು ಎದುರಾಳಿಯ ತಪ್ಪು ಎಂದೇ ದಾಖಲಾಗುತ್ತದೆ. ಚೆಂಡು ಕಸಿದುಕೊಳ್ಳುವುದನ್ನಾದರೂ ಎಣಿಸಬಹುದಿತ್ತು, ಆಗ ಅದನ್ನೂ ಎಣಿಸುತ್ತಿರಲಿಲ್ಲ. ಕೆ.ಸಿ. 676 ಪಂದ್ಯ ಆಡಿದ. ಅಷ್ಟರಲ್ಲಿ ಎಷ್ಟು ಚೆಂಡು ಕಸಿದ ಎಂಬುದು ಇವತ್ತಿಗೂ ಯಾರ ಹತ್ತಿರವೂ ಇಲ್ಲ.

ಕೊರತೆಯನ್ನೂ ಹೇಳಬೇಕು. ಅವನಿಗೆ ದೂರದಿಂದ ಎಸೆಯುವುದು ಬರುತ್ತಿರಲಿಲ್ಲ. ಎಸೆದ ನೂರರಲ್ಲಿ ಮೂವತ್ತೊಂಬತ್ತರಷ್ಟೂ ಬೀಳಲಿಲ್ಲ. ಎದುರಾಳಿಗಳು ಅವನನ್ನು ಬಿಟ್ಟು ಬೇರೆಯವರ ಮೇಲೆ ಬೀಳುತ್ತಿದ್ದರು. ರಸೆಲ್ ಹಿಂದೆ ಇದ್ದ, ಅದಕ್ಕೇ ಇವನು ಗೆದ್ದ, ಬೇರೆ ತಂಡದಲ್ಲಿದ್ದರೆ ಯಾರೂ ಹೆಸರು ಕೇಳುತ್ತಿರಲಿಲ್ಲ ಎನ್ನುವವರು ಇದ್ದಾರೆ. ಅರ್ಧ ನಿಜ. ರಸೆಲ್ ಇಲ್ಲದ ಕೆ.ಸಿ.ಯನ್ನು ನಾವು ನೋಡಲಿಲ್ಲ. ಆದರೆ 1963ರಲ್ಲಿ ಕೂಸಿ ನಿವೃತ್ತನಾದಾಗ ಏನಾಯಿತು ನೋಡ್ರಿ. ಸೆಲ್ಟಿಕ್ಸ್ ಕಥೆ ಮುಗಿಯಿತು ಎಂದು ಬಹಳ ಮಂದಿ ಅಂದುಕೊಂಡರು. ಕೂಸಿಯ ಜಾಗಕ್ಕೆ ಕೆ.ಸಿ. ಬಂದ. ತಂಡ ಹೊಡೆಯುವುದು ಕಡಿಮೆಯಾಯಿತು, ಹೊಡೆಸಿಕೊಳ್ಳುವುದು ಅದಕ್ಕಿಂತ ಹೆಚ್ಚು ಕಡಿಮೆಯಾಯಿತು. ಆ ವರ್ಷ 80 ಪಂದ್ಯದಲ್ಲಿ 59 ಗೆದ್ದು ಮತ್ತೆ ಚಾಂಪಿಯನ್. 1965ರಲ್ಲಿ ಮತ್ತೆ. 1966ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ ಏಳನೆಯ ಪಂದ್ಯದಲ್ಲಿ 95–93ರಿಂದ ಮತ್ತೆ. ಆ ಸೀಸನ್ನಿನಲ್ಲಿ ಕೆ.ಸಿ.ಯ ಪಾಸಿನಿಂದ ಬೇರೆಯವರು ಹೊಡೆದ ಬುಟ್ಟಿಗಳ ಸರಾಸರಿ ಪಂದ್ಯಕ್ಕೆ 6.3. ತಾನು ಹೊಡೆಯದವ ಹೊಡೆಸುತ್ತಿದ್ದ.

ಅಂಗಳದ ಹೊರಗೆ? 1961ರ ಅಕ್ಟೋಬರಿನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಒಂದು ಪ್ರದರ್ಶನ ಪಂದ್ಯ ಇತ್ತು. ಉಳಿದುಕೊಂಡ ಹೋಟೆಲಿನ ಕಾಫಿ ಅಂಗಡಿಯಲ್ಲಿ ಸ್ಯಾಮ್ ಜೋನ್ಸ್, ಸ್ಯಾಚ್ ಸ್ಯಾಂಡರ್ಸ್ ಎಂಬ ಇಬ್ಬರು ಸೆಲ್ಟಿಕ್ಸ್ ಆಟಗಾರರಿಗೆ ತಿನ್ನಲು ಕೊಡುವುದಿಲ್ಲ ಅಂದರು. ತಂಡದ ಕಪ್ಪು ಆಟಗಾರರೆಲ್ಲ ಕೂಡಿ, ಆಡುವುದಿಲ್ಲ, ಊರಿಗೆ ಹೋಗುತ್ತೇವೆ ಅಂದರು. ಕೆ.ಸಿ.ಯೂ ಅವರಲ್ಲಿ ಒಬ್ಬ. ಔರ್‌ಬ್ಯಾಕ್ ಮನವೊಲಿಸಲು ನೋಡಿದ, ಆಗಲಿಲ್ಲ. ಕೊನೆಗೆ ತಾನೇ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಎದುರು ತಂಡದ ಇಬ್ಬರು ಕಪ್ಪು ಆಟಗಾರರೂ ಆಡಲಿಲ್ಲ. ಬಿಳಿಯ ಆಟಗಾರರು ಪಂದ್ಯ ಆಡಿದರು. ಓಕ್ಲಹೋಮದ ಹಾಸ್ಟೆಲಿನಲ್ಲಿ ಕಾಲೇಜು ಹುಡುಗರು ಮಾಡಿದ್ದನ್ನು ಏಳು ವರ್ಷದ ಮೇಲೆ ಸಂಬಳ ತೆಗೆದುಕೊಳ್ಳುವ ದೊಡ್ಡವರು ಮಾಡಲಿಲ್ಲ ಎಂಬುದು ನನಗೆ ಪ್ರತಿ ಸಲ ತಟ್ಟುವ ಸಂಗತಿ.

1964ರ ಡಿಸೆಂಬರ್ 26ರಂದು ಟಾಮ್ ಹೈನ್ಸನ್ ಗಾಯಗೊಂಡಿದ್ದ. ಔರ್‌ಬ್ಯಾಕ್ ಅವನ ಬದಲು ವಿಲ್ಲಿ ನಾಲ್ಸ್‌ನನ್ನು ಇಳಿಸಿದ. ರಸೆಲ್, ಸ್ಯಾಂಡರ್ಸ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ನಾಲ್ಸ್. ಎನ್‌ಬಿಎ ಇತಿಹಾಸದಲ್ಲೇ ಮೊದಲ ಐವರೂ ಕಪ್ಪು ಆಟಗಾರರಾಗಿ ಪಂದ್ಯ ಶುರುವಾದದ್ದು ಅಂದೇ ಮೊದಲು. ಯಾವ ಘೋಷಣೆಯೂ ಇರಲಿಲ್ಲ. ಗೆದ್ದು ಮನೆಗೆ ಹೋದರು.

1967ರಲ್ಲಿ ಫಿಲಡೆಲ್ಫಿಯಾ ತಂಡದ ಎದುರು ಸೋತದ್ದೇ ಕೆ.ಸಿ.ಯ ವೃತ್ತಿ ಜೀವನದಲ್ಲಿ ಟೂರ್ನಿಯ ಕೊನೆ ಘಟ್ಟದ ಮೊದಲ ಸೋಲು, ಕೊನೆಯ ಸೋಲೂ ಹೌದು. 25ನೇ ನಂಬರಿನ ಅವನ ಅಂಗಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಸೆಲ್ಟಿಕ್ಸ್ ಗೌರವ ಮಾಡಿತು. ಎಂಟು ಪ್ರಶಸ್ತಿ. ಎನ್‌ಬಿಎಯಲ್ಲಿ ಆಟಗಾರನಾಗಿ ಅದಕ್ಕಿಂತ ಹೆಚ್ಚು ಗೆದ್ದವರು ಇಬ್ಬರೇ, ರಸೆಲ್ ಮತ್ತು ಸ್ಯಾಮ್ ಜೋನ್ಸ್.

ಆಮೇಲೆ ಕೋಚ್ ಆದ. ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ, ಮುಂದೆ 1971–72ರಲ್ಲಿ ಸತತ 33 ಪಂದ್ಯ ಗೆದ್ದ ಲೇಕರ್ಸ್ ತಂಡದ ಸಹಾಯಕ ಕೋಚ್. 1973ರಲ್ಲಿ ಬುಲೆಟ್ಸ್ ತಂಡದ ಮುಖ್ಯ ಕೋಚ್. ಕಾಲದ ತಮಾಷೆ ನೋಡ್ರಿ, ಚೆಂಡು ಕಸಿಯುವುದನ್ನು ಎನ್‌ಬಿಎ ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು ಆ 1973–74ರ ಸೀಸನ್ನಿನಲ್ಲೇ. ಲೆಕ್ಕ ಬರೆಯುವವ ಪೆನ್ನು ಹಿಡಿಯುವ ಹೊತ್ತಿಗೆ ಕೆ.ಸಿ. ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ.

1975ರಲ್ಲಿ ಅವನ ಬುಲೆಟ್ಸ್ 60 ಪಂದ್ಯ ಗೆದ್ದು ಫೈನಲ್‌ಗೆ ಬಂತು. ಎದುರಿಗೆ ಗೋಲ್ಡನ್ ಸ್ಟೇಟ್ ತಂಡ, ಅದರ ಕೋಚ್ ಆಲ್ ಆಟಲ್ಸ್ ಕೂಡ ಕಪ್ಪು ಜನಾಂಗದವ. ಇಬ್ಬರು ಕಪ್ಪು ಕೋಚುಗಳು ಫೈನಲ್‌ನಲ್ಲಿ ಎದುರಾದದ್ದು ಎನ್‌ಬಿಎಯಲ್ಲಿ ಅದೇ ಮೊದಲ ಸಲ. ಕೆ.ಸಿ.ಯ ತಂಡ ನಾಲ್ಕಕ್ಕೆ ನಾಲ್ಕೂ ಸೋತಿತು. ಸೋಲಿಗಿಂತ ಹೆಚ್ಚು ಹೊಡೆತ ಕೊಟ್ಟದ್ದು ಟಿವಿ ಕ್ಯಾಮೆರಾ. ಒಂದು ವಿರಾಮದ ಹೊತ್ತಿನಲ್ಲಿ ಸಹಾಯಕ ಕೋಚ್ ಬರ್ನಿ ಬಿಕರ್‌ಸ್ಟಾಫ್ ಹಲಗೆಯ ಮೇಲೆ ಗೆರೆ ಹಾಕಿ ಆಟಗಾರರಿಗೆ ಹೇಳುತ್ತಿರುವುದು, ಕೆ.ಸಿ. ಸುಮ್ಮನೆ ಪಕ್ಕದಲ್ಲಿರುವುದು ದೇಶಕ್ಕೆಲ್ಲ ಕಂಡಿತು. ಇವನಿಗೆ ಏನೂ ಗೊತ್ತಿಲ್ಲ, ಎಲ್ಲ ಸಹಾಯಕನದೇ ಕೆಲಸ ಎಂದು ಜನ ಆಡಿಕೊಂಡರು. ಸಹಾಯಕನಿಗೆ ಕೆಲಸ ಹಂಚಿಕೊಡುವುದೂ ಕೋಚಿನ ಕೆಲಸವೇ. ಬೇರೆಯವರು ಮಾಡಿದರೆ ಅದಕ್ಕೆ ದೊಡ್ಡ ಗುಣ ಅಂತಾರ, ಇವನು ಮಾಡಿದರೆ ದಡ್ಡತನ. ಮರುವರ್ಷ ಕೆಲಸ ಹೋಯಿತು. ಮುಂದೆ ಏಳು ವರ್ಷ ಎನ್‌ಬಿಎಯ ಯಾವ ತಂಡವೂ ಅವನನ್ನು ಮುಖ್ಯ ಕೋಚ್ ಮಾಡಲಿಲ್ಲ.

1983ರಲ್ಲಿ ಸೆಲ್ಟಿಕ್ಸ್ ಮಾಡಿತು. ಲ್ಯಾರಿ ಬರ್ಡ್, ಕೆವಿನ್ ಮೆಕ್‌ಹೇಲ್, ರಾಬರ್ಟ್ ಪ್ಯಾರಿಶ್ ಇದ್ದ ತಂಡ. ಮೊದಲ ವರ್ಷವೇ ಲೇಕರ್ಸ್ ಜೊತೆ ಫೈನಲ್, ಮೂರು ಪಂದ್ಯ ಮುಗಿದಾಗ ಸೆಲ್ಟಿಕ್ಸ್ ಒಂದು–ಎರಡರಿಂದ ಹಿಂದೆ. ಲೇಕರ್ಸ್‌ನ ಪಾಯಿಂಟ್ ಗಾರ್ಡ್ ಮ್ಯಾಜಿಕ್ ಜಾನ್ಸನ್, 6 ಅಡಿ 9 ಇಂಚು, ಅವನ ಪಾಸುಗಳಿಗೆ ಅಡ್ಡವೇ ಇಲ್ಲ. ನಾಲ್ಕನೆಯ ಪಂದ್ಯಕ್ಕೆ ಕೆ.ಸಿ. ಒಂದು ಬದಲಾವಣೆ ಮಾಡಿದ. 6 ಅಡಿ 4 ಇಂಚಿನ ಡೆನಿಸ್ ಜಾನ್ಸನ್‌ಗೆ ಮ್ಯಾಜಿಕ್‌ನನ್ನು ಹಿಡಿಯುವ ಕೆಲಸ ಕೊಟ್ಟ. ಇಪ್ಪತ್ತೊಂಬತ್ತು ವರ್ಷದ ಹಿಂದೆ ವುಲ್ಪರ್ಟ್ ತನಗೆ ಕೊಟ್ಟಿದ್ದ ಅದೇ ಕೆಲಸ, ಅಷ್ಟೇ ಇಂಚಿನ ಅಂತರ. ಏಳು ಪಂದ್ಯದ ಫೈನಲ್ ಸೆಲ್ಟಿಕ್ಸ್ ಗೆದ್ದಿತು. 1986ರಲ್ಲಿ 82ರಲ್ಲಿ 67 ಗೆದ್ದು, ತವರಿನ 41ರಲ್ಲಿ ಒಂದೇ ಒಂದು ಸೋತು, ಮತ್ತೆ ಚಾಂಪಿಯನ್. ಐದು ವರ್ಷದಲ್ಲಿ 308 ಗೆಲುವು, 102 ಸೋಲು, ನಾಲ್ಕು ಫೈನಲ್. ಇಷ್ಟಾದರೂ ಬರ್ಡ್ ಇದ್ದ ತಂಡಕ್ಕೆ ಕೋಚ್ ಯಾಕೆ ಬೇಕು ಅನ್ನುವ ಮಾತು ನಿಲ್ಲಲಿಲ್ಲ. ಆಡುವಾಗ ರಸೆಲ್, ಕೋಚ್ ಆದಾಗ ಬಿಕರ್‌ಸ್ಟಾಫ್, ಆಮೇಲೆ ಬರ್ಡ್. ಇವನು ಮಾಡಿದ್ದಕ್ಕೆ ಯಾವಾಗಲೂ ಪಕ್ಕದವನ ಹೆಸರು. ಅವನು ಅದಕ್ಕೆ ವಾದ ಮಾಡುವ ಜಾತಿಯ ಮನುಷ್ಯ ಅಲ್ಲ. ಸಂಜೆ ಹೊತ್ತು ಪಿಯಾನೋ ಪಕ್ಕ ನಿಂತು ಹಾಡು ಹೇಳುವುದು ಅವನಿಗೆ ಬಲು ಇಷ್ಟವಾಗಿತ್ತಂತೆ. ಮಾತಾಡದವ ಹಾಡುತ್ತಿದ್ದ!

ಬಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿದ್ದು 1989ರಲ್ಲಿ, ಆಟ ಬಿಟ್ಟು 22 ವರ್ಷದ ಮೇಲೆ. ರಸೆಲ್ ಸೇರಿ ಆಗಲೇ 14 ವರ್ಷ ಆಗಿತ್ತು.

1990ರಲ್ಲಿ ಸಿಯಾಟಲ್ ತಂಡದ ಕೋಚ್ ಆದಾಗ ಅಲ್ಲಿಗೆ ಹೊಸದಾಗಿ ಬಂದ ಪಾಯಿಂಟ್ ಗಾರ್ಡ್ ಗ್ಯಾರಿ ಪೇಟನ್. ಬಾಯಿ ಬಿಟ್ಟರೆ ನಿಲ್ಲಿಸದ ಹುಡುಗ, ಕೆ.ಸಿ.ಗೆ ತದ್ವಿರುದ್ಧ ಸ್ವಭಾವ, ಆದರೆ ಎದುರಾಳಿಯನ್ನು ಹಿಡಿಯುವುದರಲ್ಲಿ ಅದೇ ಹಟ. ಇಬ್ಬರ ಜೋಡಿ ಹೆಚ್ಚು ದಿನ ನಡೆಯಲಿಲ್ಲ, 1992ರ ಜನವರಿಯಲ್ಲಿ ಕೆ.ಸಿ.ಯನ್ನು ತೆಗೆದರು. ಪೇಟನ್ ಅರಳಿದ್ದು ಆಮೇಲೆಯೇ. ವರ್ಷದ ಅತ್ಯುತ್ತಮ ರಕ್ಷಕ ಎಂಬ ಪ್ರಶಸ್ತಿಯನ್ನು ಎನ್‌ಬಿಎ 1983ರಿಂದ ಕೊಡತೊಡಗಿತ್ತು. 1996ರಲ್ಲಿ ಅದು ಪೇಟನ್‌ಗೆ ಬಂತು, ಪಾಯಿಂಟ್ ಗಾರ್ಡ್ ಒಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅದರ ಮರುವರ್ಷ ಕೆ.ಸಿ. ನ್ಯೂ ಇಂಗ್ಲೆಂಡ್ ಬ್ಲಿಝರ್ಡ್ ಎಂಬ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಿದ್ದ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಹಿಡಿಯಿತು. 2020ರ ಡಿಸೆಂಬರ್ 25ರಂದು, ತನ್ನ 88ನೆಯ ವಯಸ್ಸಿನಲ್ಲಿ ತೀರಿಕೊಂಡ.